ಧನುರ್ಮಾಸದಲ್ಲಿ ಮೂಲ್ಕಿ: ಒಬ್ಬ ಟೈಲರಮ್ಮನ ಸರ್ಫಿಂಗ್ ಲೆಕ್ಕಾಚಾರ

ತುಮಕೂರಿನಲ್ಲಿ ಬ್ಲೌಸ್ ಹೊಲಿಯುವವರಿಗೆ ವರ್ಷಕ್ಕೆ ಎರಡೇ ಬಿಡುವು. ಒಂದು ಆಷಾಢ, ಇನ್ನೊಂದು ಧನುರ್ಮಾಸ. ಆಗ ಮದುವೆ ಇರುವುದಿಲ್ಲ, ಗೃಹಪ್ರವೇಶ ಇರುವುದಿಲ್ಲ, "ಅಕ್ಕಾ, ನಾಳೆ ಬೆಳಿಗ್ಗೆನೇ ಬೇಕು" ಅಂತ ಬಾಗಿಲಲ್ಲಿ ನಿಲ್ಲುವವರೂ ಇರುವುದಿಲ್ಲ. ಎಸ್.ಎಸ್. ಪುರಂನಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಎರಡು ಮಿಷನ್, ಒಂದು ಓವರ್‌ಲಾಕ್. ವಯಸ್ಸು ನಲವತ್ತೊಂದು. ಈ ವಯಸ್ಸಿನಲ್ಲಿ ನನಗೆ ಸರ್ಫಿಂಗ್ ಹುಚ್ಚು ಹತ್ತಿಸಿದವಳು ಅಣ್ಣನ ಮಗಳು, ಅಂದರೆ ನನ್ನ ಸೊಸೆ. ಇಂಜಿನಿಯರಿಂಗ್ ಓದುತ್ತಾಳೆ. ಫೋನಿನಲ್ಲಿ ಯಾರೋ ಹುಡುಗಿ ಉದ್ದನೆಯ ಬೋರ್ಡ್ ಹಾಕಿಕೊಂಡು ಅಲೆ ಮೇಲೆ ನಿಂತು ಬರುವುದನ್ನು ತೋರಿಸಿ, "ಅತ್ತೆ, ಇದು ಹವಾಯಿ ಅಲ್ಲ, ನಮ್ಮ ಮೂಲ್ಕಿ" ಅಂದಳು.

ಅಮ್ಮ ಕೇಳಿಸಿಕೊಂಡು, "ನೀರಿಗೆ ಬೀಳೋಕೆ ದುಡ್ಡು ಬೇರೆ ಕೊಡ್ತೀರೇನೇ?" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲ ಸಲ ಹೋಗಿದ್ದು 2023ರ ಆಷಾಢದಲ್ಲಿ. ಅದೇ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿತ್ತು, ಹೆಂಗಸರಿಗೆ ಬಸ್ ಫ್ರೀ. ಅಂಗಡಿಗೂ ಬಿಡುವು, ಬಸ್ಸೂ ಫ್ರೀ. ಇನ್ನೇನು ಯೋಚನೆ ಮಾಡುವುದಿದೆ ಅಂತ ಹೊರಟೇ ಬಿಟ್ಟೆವು. ಯೋಚನೆ ಮಾಡಬೇಕಿತ್ತು. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೊರಟವರ ಜೊತೆ ಹಾಸನದಿಂದ ನಿಂತುಕೊಂಡೇ ಶಿರಾಡಿ ಘಾಟಿ ಇಳಿದೆವು. ಹೊರಗೆ ಮಳೆ ಎಂದರೆ ಮಳೆ. ಮೂಲ್ಕಿಯಲ್ಲಿ ನೋಡಿದ ಸಮುದ್ರ ಫೋನಿನಲ್ಲಿ ಕಂಡ ನೀಲಿ ಸಮುದ್ರ ಅಲ್ಲ. ಕೆಮ್ಮಣ್ಣು ಕಲಸಿದ ಹಾಗೆ ಕಂದು ಬಣ್ಣ, ಮನೆ ಎತ್ತರದ ಅಲೆ. ಸರ್ಫಿಂಗ್ ಹೇಳಿಕೊಡುವ ಹುಡುಗ ನಮ್ಮನ್ನು ನೋಡಿ ನಕ್ಕ. "ಈಗ ಎಂತ ಸರ್ಫಿಂಗ್ ಅಕ್ಕ? ಬೋಟಿನವರೇ ಇಳಿಯುವುದಿಲ್ಲ."

ಆಮೇಲೆ ಗೊತ್ತಾಯಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಂತ್ರದ ದೋಣಿಗಳು ಮೀನಿಗೆ ಹೋಗುವ ಹಾಗಿಲ್ಲ. ಅದು ಮೀನು ಮರಿ ಮಾಡುವ ಕಾಲ, ಕಡಲೂ ಕೆಟ್ಟಿರುತ್ತದೆ. ನುರಿತವರು ಕೆಲವರು ಆ ದೊಡ್ಡ ಅಲೆಗಾಗಿಯೇ ಕಾಯುತ್ತಾರಂತೆ. ಹೊಸಬರಿಗೆ ಅದು ಕಾಲವೇ ಅಲ್ಲ. ಅಕ್ಟೋಬರ್ ಕಳೆದ ಮೇಲೆ ಅಲೆ ತಗ್ಗುತ್ತದೆ, ನೀರು ತಿಳಿಯಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೊಂಟದ ಎತ್ತರಕ್ಕೆ ಬರುವ ಸಾಧು ಅಲೆಗಳು. ಮೇ ಬಂದರೆ ಮತ್ತೆ ಏರುತ್ತವೆ.

ಅಂದರೆ ನನಗೆ ಉಳಿದದ್ದು ಧನುರ್ಮಾಸ. ಅದರಲ್ಲೂ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಬೆಂಗಳೂರಿನ ಜನವೆಲ್ಲ ಅಲ್ಲೇ ಇರುತ್ತಾರೆ, ರೂಮಿಗೆ ಡಬಲ್ ರೇಟ್. ಇತ್ತ ಜನವರಿ ಹತ್ತು ದಾಟಿದರೆ ನನಗೆ ಸಂಕ್ರಾಂತಿ ಬ್ಲೌಸುಗಳು ಬಂದು ಬೀಳುತ್ತವೆ. ಬಟ್ಟೆ ಮೇಲೆ ಚಾಕ್ ಎಳೆದ ಹಾಗೆ ಕ್ಯಾಲೆಂಡರ್ ಮೇಲೆ ಗೆರೆ ಎಳೆದೆ. 2025ರ ಜನವರಿ 5ರ ಭಾನುವಾರ ಹೊರಡುವುದು. ಸೋಮವಾರ, ಮಂಗಳವಾರ, ಬುಧವಾರ ಮೂರು ಕ್ಲಾಸು. ಬುಧವಾರ ರಾತ್ರಿ ವಾಪಸ್ ಬಸ್ಸು. ಗುರುವಾರ ಅಂಗಡಿ ಬಾಗಿಲು ತೆಗೆಯಲೇಬೇಕು.

ಗೋಕರ್ಣ ಯಾಕಲ್ಲ ಅಂತ ಕೇಳಿದವರಿದ್ದಾರೆ. ಗೋಕರ್ಣ ಚೆನ್ನಾಗಿಯೇ ಇದೆ, ಆದರೆ ನಮಗೆ ದೂರ. ಮೂಲ್ಕಿ ಮಂಗಳೂರು ಮತ್ತು ಉಡುಪಿಯ ಮಧ್ಯೆ, ಎರಡೂ ಕಡೆಗೆ ಮೂವತ್ತು ಕಿಲೋಮೀಟರ್ ಆಸುಪಾಸು, ಹೆದ್ದಾರಿ ಮೇಲೇ ಇರುವ ಸಣ್ಣ ಊರು. ಸರ್ಫಿಂಗ್ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 2004ರಲ್ಲೇ ಇಲ್ಲಿನ ಆಶ್ರಮವೊಂದರ ಸಾಧುಗಳು ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. ಬೆಳಿಗ್ಗೆ ಜಪ, ಆಮೇಲೆ ಅಲೆ. ಸರ್ಫಿಂಗ್ ಸ್ವಾಮಿಗಳು ಅಂತಲೇ ಅವರಿಗೆ ಹೆಸರು. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಪಂದ್ಯ ನಡೆಯಿತು. ಆ ಸ್ವಾಮಿಗಳನ್ನು ನೋಡುತ್ತಾ ಬೆಳೆದ ಮೀನುಗಾರರ ಮಕ್ಕಳು ಈಗ ಕಲಿಸುವವರಾಗಿದ್ದಾರೆ. ಕಡಲಿನ ಪಕ್ಕ ಹುಟ್ಟಿದವರ ಕೈಯಲ್ಲಿ ಕಲಿಯುವುದು ನನಗೆ ಧೈರ್ಯ ಕೊಟ್ಟಿತು.

ರೂಮಿನ ವಿಷಯದಲ್ಲಿ ಮೊದಲ ಸಲ ಚೆನ್ನಾಗಿ ಏಮಾರಿದ್ದೆ. "ಬೀಚ್ ಕಾಣುತ್ತೆ ಮೇಡಂ, ಎದುರಿಗೇ" ಅಂದಿದ್ದರು. ಕಾಣುತ್ತಿದ್ದದ್ದು ನಿಜ. ಆದರೆ ನಮಗೂ ಬೀಚಿಗೂ ಮಧ್ಯೆ ಒಂದು ಹೊಳೆ! ಮೂಲ್ಕಿಯಲ್ಲಿ ಶಾಂಭವಿ ಹೊಳೆ ನೇರ ಸಮುದ್ರ ಸೇರುವುದಿಲ್ಲ. ಸ್ವಲ್ಪ ದೂರ ಸಮುದ್ರದ ಪಕ್ಕದಲ್ಲೇ ಹರಿದು, ಸಸಿಹಿತ್ಲು ಹತ್ತಿರ ನಂದಿನಿ ಹೊಳೆಯನ್ನೂ ಕೂಡಿಕೊಂಡು ಅಳಿವೆಗೆ, ಅಂದರೆ ಹೊಳೆ ಕಡಲು ಸೇರುವ ಜಾಗಕ್ಕೆ, ಬರುತ್ತದೆ. ಮಧ್ಯೆ ಇರುವುದು ಉದ್ದನೆಯ ಮರಳಿನ ಪಟ್ಟಿ. ಹೊಳೆಯ ಈಚೆ ರೂಮು ಮಾಡಿದರೆ ಆಚೆಯ ಅಲೆಗೆ ಆಟೋದಲ್ಲಿ ಸುತ್ತಿಕೊಂಡು ಹೋಗಬೇಕು. ಹಾಗಾಗಿ ಈ ಸಲ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಕ್ಲಾಸ್ ನಡೆಯುವ ಜಾಗಕ್ಕೆ ಹೊಳೆ ದಾಟದೆ ನಡೆದುಕೊಂಡು ಹೋಗಬಹುದಾ?" ಎ.ಸಿ., ಟಿ.ವಿ. ಯಾವುದನ್ನೂ ಕೇಳಲಿಲ್ಲ.

ಇನ್ನು ಬಟ್ಟೆ. ಇಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಇದು ನನ್ನ ಕಸುಬು. ಕಾಟನ್ ಚೂಡಿದಾರ್ ಹಾಕಿಕೊಂಡು ಸಮುದ್ರಕ್ಕೆ ಇಳಿಯಬೇಡಿ. ನೀರು ಕುಡಿದು ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ, ದುಪಟ್ಟಾ ಅಂತೂ ಬೇಡವೇ ಬೇಡ. ಬೋರ್ಡಿನ ಮೇಲೆ ಹೊಟ್ಟೆ, ಎದೆ ಉಜ್ಜಿ ಚರ್ಮ ಕಿತ್ತು ಬರುವುದರಿಂದ ತುಂಬು ತೋಳಿನ, ಮೈಗಂಟುವ ಲೈಕ್ರಾ ಬೇಕು. ರ‍್ಯಾಶ್ ಗಾರ್ಡ್ ಅನ್ನುತ್ತಾರೆ. ಅಂಗಡಿಯಲ್ಲಿ ಅದರ ರೇಟ್ ನೋಡಿ ನಾನೇ ಎರಡು ಹೊಲಿದೆ. ಲೈಕ್ರಾಗೆ ಮಾಮೂಲಿ ಸೂಜಿ ಹಾಕಿದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ, ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿಯೇ ಆಗಬೇಕು. ಇನ್ನೊಂದು ತೊಂದರೆ ಓವರ್‌ಲಾಕ್ ಅಂಚಿನದು. ಅದು ಒಳಗೆ ಉಬ್ಬಿಕೊಂಡು ಉಪ್ಪು ನೀರಿನಲ್ಲಿ ಕಂಕುಳು ಕೊಯ್ಯುತ್ತದೆ. ಕಂಪನಿಯವರ ಹತ್ತಿರ ಹೊಲಿಗೆಯನ್ನು ಚಪ್ಪಟೆ ಮಾಡುವ ಬೇರೆ ಮಿಷನ್ ಇರುತ್ತದೆ, ನನ್ನ ಹತ್ತಿರ ಇಲ್ಲ. ಅದಕ್ಕೆ ಅಂಚು ಪೂರ್ತಿ ಹೊರಗೆ ಬರುವ ಹಾಗೆ ಹೊಲಿದುಬಿಟ್ಟೆ. ಬೀಚಿನಲ್ಲಿ ಕಲಿಸುವ ಹುಡುಗ, "ಅಕ್ಕ, ಉಲ್ಟಾ ಹಾಕಿದ್ದೀರಿ" ಅಂದ. ಕಾರಣ ಹೇಳಿದ ಮೇಲೆ ತನ್ನ ಅಂಗಿ ಕೊರಳು ಎಳೆದು ಕೆಂಪಾಗಿದ್ದ ಕುತ್ತಿಗೆ ತೋರಿಸಿದ.

ಹೋಗುವಾಗ ಈ ಸಲವೂ ಫ್ರೀ ಬಸ್ಸೇ. ಕುಣಿಗಲ್, ಹಾಸನ, ಮಂಗಳೂರು ಅಂತ ಬದಲಾಯಿಸಿಕೊಂಡು ಹಗಲಿಡೀ ಪ್ರಯಾಣ. ಒಂದು ವಿಷಯ ನೆನಪಿರಲಿ, ಮಂಗಳೂರಿನಿಂದ ಉಡುಪಿ ಕಡೆಗೆ ಓಡಾಡುವುದು ಬಹುಪಾಲು ಪ್ರೈವೇಟ್ ಬಸ್ಸುಗಳು. ಅಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ನಗುತ್ತಾರೆ. ವಾಪಸ್ ಬರುವಾಗ ಮಾತ್ರ ದುಡ್ಡು ಕೊಟ್ಟು ಸ್ಲೀಪರ್ ಮಾಡಿ. ಮೂರು ದಿನ ಅಲೆಯ ಹೊಡೆತ ತಿಂದ ಮೈಗೆ ಕಾಲು ಚಾಚುವ ಜಾಗ ಬೇಕೇ ಬೇಕು. ಬೆಂಗಳೂರು ಬಸ್ಸು ಹತ್ತಿ ನೆಲಮಂಗಲದಲ್ಲಿ ಇಳಿದರೆ ಬೆಳಗಿನ ಜಾವ ತುಮಕೂರಿಗೆ ಬಸ್ ಸಿಗುತ್ತದೆ. ಕುಣಿಗಲ್ ಬೈಪಾಸಿನಲ್ಲಿ ನಡುರಾತ್ರಿ ಇಳಿದು ನಿಲ್ಲುವುದಕ್ಕಿಂತ ಅದು ವಾಸಿ.

ಸೋಮವಾರ ಬೆಳಿಗ್ಗೆ ಆರೂವರೆಗೆ ಬೀಚಿನಲ್ಲಿದ್ದೆವು. ಅಷ್ಟು ಬೇಗ ಯಾಕೆ ಅಂದರೆ ಗಾಳಿ. ರಾತ್ರಿ ನೆಲ ಸಮುದ್ರಕ್ಕಿಂತ ಬೇಗ ತಣ್ಣಗಾಗುತ್ತದೆ, ಅದಕ್ಕೆ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಆ ಗಾಳಿ ಅಲೆಯ ಮುಖವನ್ನು ಇಸ್ತ್ರಿ ಹಾಕಿದ ಹಾಗೆ ನಯ ಮಾಡುತ್ತದೆ. ಹೊತ್ತು ಏರಿದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬರುತ್ತದೆ, ಅಲೆಯೆಲ್ಲ ಮುದುಡಿ ಹೋಗುತ್ತದೆ. ಭರತ ಇಳಿತವನ್ನೂ ನೋಡಬೇಕು. ಅದು ದಿನಾ ಮುಕ್ಕಾಲು ಗಂಟೆಗೂ ಸ್ವಲ್ಪ ಜಾಸ್ತಿ ಮುಂದೆ ಹೋಗುತ್ತದೆ. ಹಾಗಾಗಿ ಮಂಗಳವಾರ ಏಳೂಕಾಲಿಗೆ, ಬುಧವಾರ ಎಂಟಕ್ಕೆ ಬನ್ನಿ ಅಂದರು.

ನನಗೆ ಈಜು ಬರುತ್ತದೆ. ಚಿಕ್ಕವಳಿದ್ದಾಗ ಗುಬ್ಬಿ ಹತ್ತಿರದ ಅಜ್ಜಿ ಊರಿನಲ್ಲಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಮಾವ ಬಾವಿಗೆ ತಳ್ಳಿ ಕಲಿಸಿದ್ದರು. ಆದರೆ ಬಾವಿ ಈಜು ಬೇರೆ, ಕಡಲು ಬೇರೆ. ದಡದಲ್ಲಿ ನಿಂತು ನಾನು, "ಅಲ್ಲಿ ನೋಡು, ಅಲೆ ಇಲ್ಲ, ಶಾಂತವಾಗಿದೆ, ಅಲ್ಲೇ ಇಳಿಯೋಣ" ಅಂತ ಸೊಸೆಗೆ ತೋರಿಸಿದೆ. ಹುಡುಗನ ಮುಖದಲ್ಲಿದ್ದ ನಗು ಹೋಯಿತು. ದಡಕ್ಕೆ ಬಂದ ನೀರು ವಾಪಸ್ ಓಡುವ ದಾರಿಯಂತೆ ಅದು. ಎರಡು ಕಡೆ ನೊರೆ ಇದ್ದು ಮಧ್ಯೆ ಮಾತ್ರ ಕಪ್ಪಗೆ, ಸುಮ್ನೆ ಮಲಗಿದ ಹಾಗೆ ಕಂಡರೆ ಅಲ್ಲಿ ಸೆಳೆತ ಇದೆ ಎಂದು ಅರ್ಥ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ನೊರೆಯ ಜೊತೆ ಒಳಗೆ ಬರಬೇಕು. ಕೆರೆ ನೋಡಿ ಬೆಳೆದ ನಮ್ಮಂಥವರಿಗೆ ಇದು ತಲೆಕೆಳಗು ಪಾಠ.

ಮೊದಲ ಅರ್ಧ ಗಂಟೆ ನೀರೇ ಇಲ್ಲ. ಮರಳಿನ ಮೇಲೆ ಬೋರ್ಡ್ ಇಟ್ಟು ಬೋರಲು ಮಲಗುವುದು, ಎದೆಯ ಪಕ್ಕ ಅಂಗೈ ಊರಿ ಒಂದೇ ಸಲಕ್ಕೆ ಎದ್ದು ನಿಲ್ಲುವುದು. ಯಾವ ಕಾಲು ಮುಂದೆ ಬರುತ್ತದೆ ಅಂತ ನೋಡಲು ಹೇಳದೆ ಕೇಳದೆ ಹಿಂದಿನಿಂದ ನೂಕಿದ. ಮುಗ್ಗರಿಸಿ ಎಡಗಾಲು ಇಟ್ಟೆ. ಹಾಗಾಗಿ ನನಗೆ ಎಡಗಾಲು ಮುಂದೆ, ಬಲಗಾಲಿನ ಹರಡಿಗೆ ಬೋರ್ಡಿನ ಹಗ್ಗ. ಹಗ್ಗದ ಪಟ್ಟಿ ವೆಲ್ಕ್ರೋದು. ಮರಳು ಮೆತ್ತಿದರೆ ಅದು ಕಚ್ಚುವುದಿಲ್ಲ, ನೀರಿನಲ್ಲಿ ಅದ್ದಿ ತೊಳೆದು ಕಟ್ಟಿಕೊಳ್ಳಬೇಕು. ಬೋರ್ಡ್ ಒಂಬತ್ತು ಅಡಿಯದು, ಮೇಲೆ ಮೆತ್ತನೆಯ ಫೋಮ್. ಚಿಕ್ಕ ಬೋರ್ಡ್ ಅಂದವಾಗಿ ಕಾಣುತ್ತದೆ ಅಂತ ಆಸೆಪಡಬೇಡಿ. ಉದ್ದದ್ದು ಅಲುಗಾಡುವುದು ಕಡಿಮೆ.

ನೀರಿನಲ್ಲಿ ಮೊದಲ ಐದಾರು ಸಲ ನಾನು ಬಿದ್ದ ಕಾರಣ ಕೇಳಿದರೆ ನಗುತ್ತೀರಿ. ಅವನು ಹಿಂದಿನಿಂದ "ಮಂಡೆ ಎತ್ತಿ ಅಕ್ಕ, ಮಂಡೆ ಎತ್ತಿ!" ಅಂತ ಕೂಗುತ್ತಿದ್ದ. ಅಲೆಯ ಸದ್ದಿನಲ್ಲಿ ನನಗೆ ಅದು ಮಂಡಿ ಅಂತ ಕೇಳಿಸಿತು. ಕೂಗಿದಾಗಲೆಲ್ಲ ಮಂಡಿ ಎತ್ತುತ್ತಿದ್ದೆ, ಬೋರ್ಡ್ ಮಗುಚುತ್ತಿತ್ತು. ತಲೆ ಎತ್ತಿ ದಡ ನೋಡು ಅನ್ನುತ್ತಿದ್ದಾನೆ ಅಂತ ಹೊಳೆದ ಮೇಲೆ ಎದುರಿಗಿದ್ದ ತೆಂಗಿನ ಮರ ಒಂದನ್ನು ಗುರುತು ಮಾಡಿಕೊಂಡೆ. ಅವನು ಬೋರ್ಡ್ ತಳ್ಳಿದ. ಹಿಂದಿನಿಂದ ನೊರೆ ಎತ್ತಿಕೊಂಡಿತು. ಅಂಗೈ ಊರಿ ಎದ್ದೆ. ಕಾಲಡಿಯಲ್ಲಿ ಬೋರ್ಡ್ ಸರ್ರನೆ ಓಡುತ್ತಿದೆ, ತೆಂಗಿನ ಮರದ ಹಿಂದೆ ಹೊತ್ತು ಏರುತ್ತಿದೆ, ಮರ ನನ್ನ ಕಡೆಗೆ ಬರುತ್ತಿದೆ. ಮೂರು ಸೆಕೆಂಡೋ ನಾಲ್ಕೋ. ಬಾಯಿಗೆ ಉಪ್ಪು ನೀರು ನುಗ್ಗಿದಾಗಲೇ ನಾನು ಕೂಗುತ್ತಿದ್ದೆ ಅಂತ ಗೊತ್ತಾಗಿದ್ದು.

ಮಧ್ಯಾಹ್ನಕ್ಕೆ ಏನನ್ನೂ ಇಟ್ಟುಕೊಳ್ಳಬೇಡಿ. ಇದೇ ನನ್ನ ಪ್ಲಾನಿನ ದೊಡ್ಡ ಬುದ್ಧಿವಂತಿಕೆ. ಕಟೀಲು, ಉಡುಪಿ, ಮಲ್ಪೆ ಅಂತ ಸೊಸೆ ಪಟ್ಟಿ ಮಾಡಿದ್ದಳು, ನಾನು ಎಲ್ಲ ಹೊಡೆದು ಹಾಕಿದ್ದೆ. ಒಂದೂವರೆ ಗಂಟೆ ಕ್ಲಾಸ್ ಮುಗಿಸಿ ಬಂದರೆ ಲೋಟ ಎತ್ತಲೂ ತೋಳು ಏಳುವುದಿಲ್ಲ. ಮಿಷನ್ ತುಳಿದು ನನ್ನ ಕಾಲು ಗಟ್ಟಿ, ಆದರೆ ತೋಳು, ಹೆಗಲು ಏನೂ ಸಾಲದು. ಹೊರಡುವ ಮೊದಲು ಒಂದು ತಿಂಗಳು ಗೋಡೆಗೆ ಕೈ ಕೊಟ್ಟು ದಂಡ ಹೊಡೆದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಬಂಗುಡೆ ಮೀನಿನ ಹುಳಿ ಖಾರದ ಪುಳಿಮುಂಚಿ. ಮುದ್ದೆ ಇಲ್ಲದೆ ಹೊಟ್ಟೆ ತುಂಬುವುದಿಲ್ಲ ಅನ್ನುವವಳು ನಾನು. ಉಪ್ಪು ನೀರು ಕುಡಿದು ಬಂದ ಹೊಟ್ಟೆಗೆ ಆ ಗಂಜಿಯಷ್ಟು ಹಿತ ಬೇರೊಂದಿಲ್ಲ. ಕ್ಲಾಸಿಗೆ ಮೊದಲು ಮಾತ್ರ ಒಂದು ಬಾಳೆಹಣ್ಣು ಸಾಕು. ಸೊಸೆ ಸೋಮವಾರ ಎರಡು ಬನ್ಸ್ ತಿಂದು ನೀರಿಗಿಳಿದು ಒದ್ದಾಡಿದಳು.

ಮಂಗಳವಾರ ಸಂಜೆ ಬಪ್ಪನಾಡು ದುರ್ಗಾಪರಮೇಶ್ವರಿ ಗುಡಿಗೆ ಮಾತ್ರ ಹೋದೆವು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ್ದು ಅನ್ನುವ ಕಥೆ ಇರುವ ಗುಡಿ. ಅಲ್ಲಿಯ ದೊಡ್ಡ ಡೋಲಿಗೂ ಹೆಸರಿದೆ. ಮೆಟ್ಟಿಲು ಹತ್ತಲು ಇಬ್ಬರೂ ಕೈ ಕೈ ಹಿಡಿದುಕೊಂಡೆವು.

ಖರ್ಚು ಹೇಳಿಬಿಡುತ್ತೇನೆ. ಇಬ್ಬರಿಗೆ ಮೂರು ದಿನದ ಕ್ಲಾಸಿಗೆ ಒಂಬತ್ತು ಸಾವಿರ, ಮೂರು ರಾತ್ರಿ ರೂಮಿಗೆ ಐದು ಸಾವಿರದ ನಾನೂರು, ಊಟ, ಆಟೋ, ವಾಪಸ್ ಸ್ಲೀಪರ್ ಎಲ್ಲ ಸೇರಿ ಹತ್ತೊಂಬತ್ತು ಸಾವಿರದ ಹತ್ತಿರ. ಚೀಟಿ ದುಡ್ಡಿನಲ್ಲಿ ಆಯಿತು. ಉಳಿಸಬೇಕು ಅನ್ನಿಸಿದರೆ ರೂಮಿನಲ್ಲಿ ಉಳಿಸಿ, ಕ್ಲಾಸಿನಲ್ಲಿ ಬೇಡ. ಅಗ್ಗಕ್ಕೆ ಕಲಿಸುವ ಕಡೆ ಒಬ್ಬನಿಗೆ ಎಂಟು ಜನ ಗಂಟು ಬಿದ್ದಿರುತ್ತಾರೆ. ನಮ್ಮ ಕಡೆ ಇಬ್ಬರಿಗೆ ಒಬ್ಬ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆಗೆದೆ. ಕತ್ತರಿ ಹಿಡಿದರೆ ಕೈ ನಡುಗುತ್ತಿತ್ತು, ಹಾಗಾಗಿ ಅವತ್ತು ಏನನ್ನೂ ಕಟ್ ಮಾಡದೆ ಬರೀ ಹುಕ್ಕು, ಫಾಲ್ ಹಾಕಿದೆ. ಮಧ್ಯಾಹ್ನ ಎರಡೂ ರ‍್ಯಾಶ್ ಗಾರ್ಡ್‌ಗಳನ್ನು ಸಿಹಿ ನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣ ಹಾಕುವಾಗ ನೋಡಿದೆ. ನನ್ನದರಲ್ಲಿ ಎಡ ಕಂಕುಳಿನ ಹತ್ತಿರ ಎರಡು ಇಂಚು ಹೊಲಿಗೆ ಬಿಟ್ಟಿತ್ತು. ತೋಳು ಮುಂದೆ ಚಾಚಿ ನೀರು ಎಳೆಯುವಾಗ ಅಲ್ಲೇ ಜಗ್ಗುವುದು. ಬ್ಲೌಸಿನ ಅಳತೆಗೆ ತೋಳು ಇಟ್ಟಿದ್ದು ನನ್ನದೇ ತಪ್ಪು. ಮುಂದಿನ ಧನುರ್ಮಾಸಕ್ಕೆ ಕಂಕುಳಲ್ಲಿ ಒಂದು ಸಣ್ಣ ಚೌಕದ ತುಂಡು ಕೊಟ್ಟು ಹೊಲಿಯಬೇಕು. ಬಟ್ಟೆ ಮಿಕ್ಕಿದೆ.