ಫೋಟೊ ಕ್ಲಬ್ಬಿನ ‘ವರ್ಷದ ಚಿತ್ರ’: ತೀರ್ಪುಗಾರರು ಯಾರು, ಮತ ಎಣಿಸುವುದು ಹೇಗೆ

ಇನ್ನೂರು ಚಿತ್ರಗಳವರೆಗೆ ಮೂವರು ತೀರ್ಪುಗಾರರು ಸಾಕು, ಅದಕ್ಕಿಂತ ಹೆಚ್ಚಾದರೆ ಐವರು. ಮೂವರೂ ಪಕ್ಷಿಗಳ ಹಿಂದೆ ಬಿದ್ದವರೇ ಆದರೆ ಬೀದಿಯ ಚಿತ್ರಕ್ಕೆ ಉಳಿಗಾಲವಿಲ್ಲ. ವನ್ಯಜೀವಿ ಬಲ್ಲವರೊಬ್ಬರು, ಜನಜೀವನ ತೆಗೆಯುವವರೊಬ್ಬರು, ಕ್ಯಾಮೆರಾ ಹಿಡಿಯದಿದ್ದರೂ ಚಿತ್ರ ಓದಬಲ್ಲ ಕಲಾವಿದರೋ ಪತ್ರಿಕೆಯವರೋ ಒಬ್ಬರು ಇರಲಿ. ಬೇರೆ ಊರಿನವರಾದರೆ ಇನ್ನೂ ಒಳ್ಳೆಯದು.

ಒಪ್ಪಿಗೆ ಕೇಳುವಾಗಲೇ ಸ್ಪರ್ಧಿಗಳ ಪಟ್ಟಿ ಕೊಟ್ಟು ನೆಂಟರು, ಶಿಷ್ಯರು, ಸಹೋದ್ಯೋಗಿಗಳ ಹೆಸರಿಗೆ ಗುರುತು ಹಾಕಿಸಿ. ಸಫಾರಿಗೆ ಜೊತೆಯಲ್ಲಿ ಹೋದವರನ್ನು ಮರೆಯಬೇಡಿ: ಕಬಿನಿಯಲ್ಲಿ ಒಂದೇ ಜೀಪಿನಲ್ಲಿ ಕೂತವರಿಗೆ ಆ ಚಿರತೆ ಯಾರ ಫ್ರೇಮು ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಅಂಥವರ ಚಿತ್ರ ಕೊನೆಯ ಸುತ್ತಿಗೆ ಬಂದರೆ ಆ ಸುತ್ತಿಗೆ ಬದಲಿ ತೀರ್ಪುಗಾರರನ್ನು ಕೂರಿಸಿ.

ಚಿತ್ರಗಳಿಗೆ ಹೆಸರಿನ ಬದಲು 001, 002 ಎಂದು ಸಂಖ್ಯೆ ಕೊಡಿ. ವಾಟರ್‌ಮಾರ್ಕ್ ಇದ್ದರೆ ಹಿಂದಕ್ಕೆ ಕಳಿಸಿ. ಎಕ್ಸಿಫ್ ಮಾಹಿತಿಯನ್ನೂ (ಚಿತ್ರದ ಕಡತದೊಳಗೆ ಕ್ಯಾಮೆರಾ ಬರೆದಿಡುವ ವಿವರ) ಅಳಿಸಬೇಕು, ಅನೇಕರು ಕ್ಯಾಮೆರಾದಲ್ಲೇ ತಮ್ಮ ಹೆಸರು ತುಂಬಿಸಿಟ್ಟಿರುತ್ತಾರೆ.

ಹೆಚ್ಚು ಎಡವುವುದು ಅಂಕ ಕೂಡಿಸುವಲ್ಲಿ. ಹತ್ತು ಅಂಕಕ್ಕೆ ‘ಅ’ ಚಿತ್ರಕ್ಕೆ 8, 8, 3 ಬಂತು, ‘ಆ’ ಚಿತ್ರಕ್ಕೆ 7, 7, 9. ಮೊತ್ತ 19 ಮತ್ತು 23, ಹಾಗಾಗಿ ‘ಆ’ ಗೆದ್ದಿತು. ಆದರೆ ಮೂವರಲ್ಲಿ ಇಬ್ಬರು ‘ಅ’ ಚೆನ್ನಾಗಿದೆ ಎಂದಿದ್ದರು! ಕೈ ಬಿಗಿಹಿಡಿದು ಅಂಕ ಕೊಡುವವರ ಮಾತು, 3ರಿಂದ 9ರವರೆಗೆ ಎಳೆದಾಡುವವರ ಮುಂದೆ ನಡೆಯುವುದಿಲ್ಲ. ಆದ್ದರಿಂದ ಅಂಕವನ್ನು ಮೊದಲ ಸುತ್ತಿನಲ್ಲಿ ಜರಡಿ ಹಿಡಿಯಲಷ್ಟೇ ಬಳಸಿ. ಉಳಿದ ಹತ್ತು ಚಿತ್ರಗಳಿಗೆ ಪ್ರತಿಯೊಬ್ಬರೂ ಚರ್ಚೆಗೆ ಮೊದಲೇ, ತಾವೇ ಕೂತು, 1ರಿಂದ 10ರವರೆಗೆ ಸ್ಥಾನ ಬರೆಯಲಿ. ಸ್ಥಾನಗಳ ಮೊತ್ತ ಕಡಿಮೆ ಇದ್ದದ್ದು ಗೆಲ್ಲುತ್ತದೆ.

ಸದಸ್ಯರ ಮೆಚ್ಚುಗೆಯ ಬಹುಮಾನ ಬೇರೆಯೇ ಇರಲಿ, ತೀರ್ಪುಗಾರರ ಲೆಕ್ಕದೊಂದಿಗೆ ಬೆರೆಸಬೇಡಿ. ವಾಟ್ಸ್ಆ್ಯಪ್ ಪೋಲ್ ಬೇಡವೇ ಬೇಡ. ಯಾರು ಯಾವುದಕ್ಕೆ ಹಾಕಿದರೆಂದು ಸಾಮಾನ್ಯವಾಗಿ ಇಡೀ ಗುಂಪಿಗೆ ಕಾಣುವುದರಿಂದ ದಾಕ್ಷಿಣ್ಯಕ್ಕೆ ಒತ್ತುವವರೇ ಹೆಚ್ಚು. ಗೂಗಲ್ ಫಾರ್ಮ್‌ನಲ್ಲಿ ಒಬ್ಬರಿಗೆ ಒಂದೇ ಉತ್ತರ ಎಂದಿಟ್ಟರೂ ಎರಡು ಜಿಮೇಲ್ ಇದ್ದವರು ಎರಡು ಸಲ ಹಾಕಬಲ್ಲರು. ಪ್ರತಿ ಸದಸ್ಯರಿಗೂ ಆರು ಅಕ್ಷರದ ಒಂದೊಂದು ಗುಟ್ಟಿನ ಸಂಕೇತ ಕೊಡಿ. ಆ ಪಟ್ಟಿ ಸ್ಪರ್ಧೆಯಲ್ಲಿಲ್ಲದವರ ಬಳಿ ಇರಲಿ.

ಮತ ಹಾಕುವ ಕ್ರಮಕ್ಕೆ ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಪ್ರಾಶಸ್ತ್ಯ ಮತವೇ ಮಾದರಿ: ಒಂದೇ ಟಿಕ್ ಬದಲು ಮೆಚ್ಚಿದ ಕ್ರಮದಲ್ಲಿ 1, 2, 3 ಎಂದು ಬರೆಯುವುದು. 40 ಮತಗಳಲ್ಲಿ ಹಂಪಿಯ ಸೂರ್ಯಾಸ್ತಕ್ಕೆ 15, ಮಿಂಚುಳ್ಳಿಗೆ 13, ಮಂಗಟ್ಟೆಗೆ 12 ಬಿದ್ದವು ಎನ್ನಿ. ಒಂದೇ ಟಿಕ್ ಆದರೆ ಸೂರ್ಯಾಸ್ತ ಗೆಲ್ಲುತ್ತದೆ, ಹಕ್ಕಿ ಮೆಚ್ಚಿದ 25 ಜನರ ಮತ ಒಡೆದುಹೋಗುತ್ತದೆ. ಪ್ರಾಶಸ್ತ್ಯ ಬರೆಸಿದ್ದರೆ ಮಂಗಟ್ಟೆಯನ್ನು ಕೈಬಿಟ್ಟು ಆ 12 ಚೀಟಿಗಳ ಎರಡನೇ ಆಯ್ಕೆ ನೋಡುತ್ತೀರಿ. ಹತ್ತು ಮಿಂಚುಳ್ಳಿಗೆ, ಎರಡು ಸೂರ್ಯಾಸ್ತಕ್ಕೆ ಹೋದರೆ 23–17, ಮಿಂಚುಳ್ಳಿಯದೇ ಗೆಲುವು.

ಚೀಟಿಯಲ್ಲಿ ‘ಯಾವುದೂ ಬೇಡ’ ಎಂಬ ಸಾಲೂ ಇರಲಿ. ನಮ್ಮ ನೋಟಾದಂತೆ ಹೆಸರಿಗಷ್ಟೇ ಅಲ್ಲ, ಅದು ಗೆದ್ದರೆ ಪ್ರಶಸ್ತಿ ಇಲ್ಲ. ವಿಜ್ಞಾನ ಕಥೆಗಳ ಹ್ಯೂಗೊ ಪ್ರಶಸ್ತಿಯಲ್ಲಿ 2015ರಲ್ಲಿ ಐದು ವಿಭಾಗಗಳು ಹೀಗೆ ಖಾಲಿ ಉಳಿದವು.

ಸಮಬಲದ ನಿಯಮವನ್ನು ಚಿತ್ರ ಕರೆಯುವ ಪ್ರಕಟಣೆಯಲ್ಲೇ ಹಾಕಿ: ಹೆಚ್ಚು ಮೊದಲ ಸ್ಥಾನ ಪಡೆದದ್ದು ಮುಂದೆ, ಅಲ್ಲೂ ಸಮವಾದರೆ ಬಹುಮಾನ ಹಂಚಿಕೆ.