ಹಾಸಿಗೆ ಕೊಯ್ದು ನೋಡಿದ ಮೇಲೆ

ಹಳೇ ಹಾಸಿಗೆಯನ್ನು ಎಸೆಯುವ ಮುಂಚೆ ತರಕಾರಿ ಚಾಕು ತಂದು ಉದ್ದಕ್ಕೆ ಕೊಯ್ದೆ. ಸಿಟ್ಟಿಗೆ ಹಾಗೆ ಮಾಡ್ತಿದ್ದೀನಿ ಅಂದುಕೊಂಡರು ನಮ್ಮನೆಯವರು. ಸಿಟ್ಟೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆರು ವರ್ಷ ಮೈ ಚಾಚಿದ ಹಾಸಿಗೆಯ ಹೊಟ್ಟೆಯಲ್ಲಿ ಏನಿದೆ ಅಂತ ಒಮ್ಮೆ ನೋಡಬೇಕಿತ್ತು.

2017ರಲ್ಲಿ ಮೈಸೂರಿನಲ್ಲಿ ಸ್ವಂತ ಮನೆಗೆ ಬಂದಾಗ ಕೊಂಡದ್ದು ಅದು. ಗೃಹಪ್ರವೇಶದ ಗಡಿಬಿಡಿ ಗೊತ್ತಲ್ಲ. ಅಂಗಡಿಗೆ ಹೋದೆವು, ಅಂಗೈ ಊರಿ ಎರಡು ಸಲ ಒತ್ತಿದೆವು, ಮೆತ್ತಗಿತ್ತು, ತಂದೆವು. 8 ಇಂಚು ದಪ್ಪ, ಮೇಲೆ 'ಆರ್ಥೋಪೆಡಿಕ್' ಅನ್ನೋ ಪಟ್ಟಿ, 10 ವರ್ಷ ವಾರಂಟಿ, ಎರಡು ದಿಂಬು ಫ್ರೀ. ಒಂದು ಸೀರೆ ಆರಿಸೋಕೆ ಎರಡು ಗಂಟೆ ತಗೊಳ್ಳುವ ನಾನು, ದಿನಾ ಏಳು ಗಂಟೆ ಮಲಗುವ ವಸ್ತುವಿಗೆ ಹತ್ತು ನಿಮಿಷ ಕೊಟ್ಟಿದ್ದೆ.

ಮೂರನೇ ವರ್ಷಕ್ಕೆ ಇವರು ಮಲಗುವ ಕಡೆ ಹಳ್ಳ ಬಿತ್ತು. ಇವರು 88 ಕೆಜಿ, ನಾನು 56. ರಾತ್ರಿ ನಿದ್ದೆಯಲ್ಲಿ ನಾನು ಉರುಳಿ ಆ ಹಳ್ಳಕ್ಕೇ ಬೀಳುತ್ತಿದ್ದೆ. ಬೆಳಿಗ್ಗೆ ಎದ್ದರೆ ಸೊಂಟ ಹಿಡಿದುಕೊಂಡಿರುತ್ತಿತ್ತು, ಕಾಫಿ ಕುಡಿದು ತಿಂಡಿ ಮಾಡುವಷ್ಟರಲ್ಲಿ ಸಡಿಲವಾಗುತ್ತಿತ್ತು. ವಯಸ್ಸಾಯಿತು ಅಂದುಕೊಂಡೆ. ಆದರೆ ತವರಿಗೆ ಹೋಗಿ ಜಮಖಾನದ ಮೇಲೆ ಮಲಗಿದರೆ ನೋವೇ ಇಲ್ಲ! ಎರಡು ಮೂರು ಸಲ ಹೀಗಾದ ಮೇಲೆ ಅನುಮಾನ ಹಾಸಿಗೆ ಮೇಲೆ ತಿರುಗಿತು. ನಿಮಗೂ ಬೆಳಿಗ್ಗೆ ಮಾತ್ರ ನೋವಿದ್ದು, ಬೇರೆ ಕಡೆ ಮಲಗಿದಾಗ ಇಲ್ಲದಿದ್ದರೆ, ಮೊದಲು ಹಾಸಿಗೆಯನ್ನು ನೋಡಿ.

ವಾರಂಟಿ ಇತ್ತಲ್ಲ, ಫೋನ್ ಮಾಡಿದೆ. ಒಬ್ಬ ಹುಡುಗ ಬಂದ. ತುಂಬಾ ಮರ್ಯಾದೆಯ ಹುಡುಗ, ಚಪ್ಪಲಿ ಹೊರಗೆ ಬಿಟ್ಟು ಬಂದ. ಹಾಸಿಗೆಯ ಆ ತುದಿಯಿಂದ ಈ ತುದಿಗೆ ದಾರ ಬಿಗಿಯಾಗಿ ಎಳೆದು ಹಿಡಿಯಿರಿ ಅಂದ. ದಾರದಿಂದ ಹಳ್ಳದ ತಳಕ್ಕೆ ಸ್ಕೇಲ್ ಇಟ್ಟ. ಮುಕ್ಕಾಲು ಇಂಚು. "ಒಂದು ಇಂಚಿಗಿಂತ ಜಾಸ್ತಿ ಇದ್ರೆ ಮಾತ್ರ ಕ್ಲೇಮ್ ಆಗುತ್ತೆ ಮೇಡಂ." ಮೇಲೆ ಯಾರೂ ಮಲಗದಾಗ ಮುಕ್ಕಾಲು ಇಂಚು ಕಣಪ್ಪಾ, 88 ಕೆಜಿ ಬಿದ್ದಾಗ ಎಷ್ಟಾಗುತ್ತೆ ಹೇಳು ಅಂದೆ. ಅವನು ನಕ್ಕ. ಆಮೇಲೆ ಒಂದು ಮೂಲೆಯಲ್ಲಿದ್ದ ಕಾಫಿ ಕಲೆಯ ಫೋಟೋ ತಗೊಂಡ. ಕಲೆ ಇದ್ದರೂ ವಾರಂಟಿ ಇಲ್ಲವಂತೆ. ಕಾರ್ಡ್ ಹುಡುಕಿ ಓದಿದೆ, ಎಲ್ಲಾ ಬರೆದೇ ಇತ್ತು. ಮೊದಲ ಕೆಲವು ವರ್ಷ ಬಿಟ್ಟರೆ ಮುಂದಕ್ಕೆ ನಾವೂ ದುಡ್ಡು ಹಾಕಬೇಕು ಅಂತಲೂ ಇತ್ತು. ಹತ್ತು ವರ್ಷ ಅನ್ನೋದು ಪಟ್ಟಿಯಲ್ಲಿ ದೊಡ್ಡದಾಗಿ, ಉಳಿದದ್ದು ಕಾರ್ಡಿನ ಹಿಂದೆ ಇರುವೆ ಅಕ್ಷರದಲ್ಲಿ.

ಈಗ ಕೊಯ್ದ ಕಥೆಗೆ ಬರೋಣ. ಮೇಲೆ ಹೊಲಿದ ಬಟ್ಟೆ, ಅರ್ಧ ಇಂಚು. ಅದರ ಕೆಳಗೆ ಬಿಳೀ ಫೋಮ್. ಅದರ ಕೆಳಗೆ ನಾಲ್ಕೂವರೆ ಇಂಚು ಬಣ್ಣಬಣ್ಣದ ಚೂರು ಫೋಮ್ ಅಂಟಿಸಿ ಒತ್ತಿದ ಪದರ, ಅಂಗಡಿಯವರು ಬಾಂಡೆಡ್ ಅನ್ನುತ್ತಾರಲ್ಲ ಅದು. ತಳದಲ್ಲಿ ಒಂದು ಇಂಚು ತೆಂಗಿನ ನಾರು. ನಾರು ಪುಡಿಯಾಗಿ ಮಂಚದ ಪ್ಲೈವುಡ್ ಮೇಲೆ ಕಂದು ಧೂಳು ಬಿದ್ದಿತ್ತು. ಬಾಂಡೆಡ್ ಪದರ ಮಾತ್ರ ಚೆನ್ನಾಗೇ ಇತ್ತು. ಕೆಟ್ಟಿದ್ದು ಬಿಳೀ ಫೋಮ್. ಕಾಲಿನ ಕಡೆ, ಯಾರೂ ಭಾರ ಹಾಕದ ಜಾಗದಲ್ಲಿ, ಅದು ಸರಿಯಾಗಿ 2 ಇಂಚು ಇತ್ತು. ಇವರ ಸೊಂಟ ಬರುವ ಜಾಗದಲ್ಲಿ ಒಂದೂಕಾಲು. ಕಳೆದರೆ ಆ ಹುಡುಗ ಅಳೆದ ಮುಕ್ಕಾಲು ಇಂಚು!

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಇಲ್ಲಿಗೆ ಬಿಡೋಕೆ ಆಗಲಿಲ್ಲ. ಕಾಲಿನ ಕಡೆಯ ಫೋಮಿನಿಂದ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಒಂದು ತುಂಡು ಕತ್ತರಿಸಿದೆ. ದಪ್ಪ 2 ಇಂಚು ಅಂದರೆ 5 ಸೆಂಟಿಮೀಟರ್. ಅಡುಗೆಮನೆಯ ತೂಕದ ಮಷಿನ್ ಮೇಲಿಟ್ಟೆ. 11 ಗ್ರಾಂ. ಆ ತುಂಡು ಅರ್ಧ ಲೀಟರ್ ಜಾಗ, ಹಾಗಾಗಿ ಒಂದು ಲೀಟರಿಗೆ 22 ಗ್ರಾಂ. ಫೋಮಿನ ಡೆನ್ಸಿಟಿ ಅಂದರೆ ಇಷ್ಟೇ. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ಅಂತ ಲೆಕ್ಕ, ಒಂದು ಲೀಟರಿಗೆ ಎಷ್ಟು ಗ್ರಾಂ ಅಂದರೂ ಅದೇ ಅಂಕಿ ಬರುತ್ತದೆ. ಹಾಸಿಗೆ ಅಂಗಡಿಗಳಲ್ಲಿ 32, 40 ಅಂತ ಹೇಳುತ್ತಾರಲ್ಲ, ಅದು ಇದೇ. ನಾವು ಮಲಗಿದ್ದದ್ದು 22ರ ಮೇಲೆ. ಗಾಳಿಗೆ ದುಡ್ಡು ಕೊಟ್ಟಿದ್ದೆವು ಅನ್ನಿ.

ಒಂದು ಮಾತು ಇಲ್ಲಿ ಹೇಳಬೇಕು. ಡೆನ್ಸಿಟಿ ಜಾಸ್ತಿ ಅಂದರೆ ಗಟ್ಟಿ ಅಂತಲ್ಲ. 40ರ ಫೋಮ್ ಮೆತ್ತಗೂ ಇರಬಹುದು, ಗಟ್ಟಿಯಾಗೂ ಇರಬಹುದು. ಡೆನ್ಸಿಟಿ ಹೇಳೋದು ಅದು ಎಷ್ಟು ಕಾಲ ಬಾಳುತ್ತೆ ಅನ್ನೋದನ್ನ. ಎಷ್ಟು ಮೆತ್ತಗೆ ಅನ್ನೋದನ್ನ ನಮ್ಮ ಬೆನ್ನೇ ಹೇಳಬೇಕು.

ಆ ತುಂಡನ್ನು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡೇ ಅಂಗಡಿ ಸುತ್ತಿದೆ. ಮಂಗಳವಾರ ಮಧ್ಯಾಹ್ನ ಹೋಗಿದ್ದೆವು, ಭಾನುವಾರದ ಜಂಗುಳಿಯಲ್ಲಿ ಯಾರೂ ನೆಟ್ಟಗೆ ಮಾತಾಡೋಲ್ಲ. ಮೊದಲ ಅಂಗಡಿಯಲ್ಲಿ, "ಅಣ್ಣಾ, ಇದರ ತೂಕ ಎಷ್ಟು?" ಅಂತ ಕೇಳಿದೆ. "ಹಾಸಿಗೆ ಏನು ಬೆಲ್ಲಾನಾ ಮೇಡಂ?" ಅಂದರು. ಒಳಗೆ ಏನೇನಿದೆ ಅಂತ ಕೇಳಿದರೆ "ಕಂಪನಿ ಐಟಂ, ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅಂದರು. ಕಣ್ಣು ಮುಚ್ಚಿಕೊಂಡು ತಗೊಂಡಿದ್ದು ಒಂದು ಸಲ ಆಗಿತ್ತಲ್ಲ, ಹೊರಟೆವು.

ಮೂರನೇ ಅಂಗಡಿಯವರು ಸ್ವಂತ ಹಾಸಿಗೆ ಮಾಡುವವರು. ನನ್ನ ಬಿಳೀ ತುಂಡನ್ನು ಬೆರಳಲ್ಲಿ ಹಿಚುಕಿ, "ಇದು ಸೋಫಾ ಬೆನ್ನಿಗೆ ಹಾಕೋ ಮಾಲು ಅಕ್ಕಾ" ಅಂದರು. ಮಾತಿಗೆ ಕೂತರು. ಪದರ ಪದರ ಕಾಣುವ ಹಾಗೆ ಕತ್ತರಿಸಿಟ್ಟ ಸ್ಯಾಂಪಲ್‌ಗಳಿದ್ದವು. ತೂಕ ಮಾಡೋಕೆ ಬಿಟ್ಟರು.

ಅಲ್ಲಿ ಕಂಡದ್ದನ್ನು ನನ್ನ ಬುದ್ಧಿಗೆ ತೋಚಿದಂತೆ ಹೇಳುತ್ತೇನೆ. ನಾರಿನ ಹಾಸಿಗೆಗೆ ನಮ್ಮ ಕಡೆ ಕರ್ಲಾನ್ ಅಂತಲೇ ಹೆಸರು, ಯಾವ ಕಂಪನಿಯದ್ದಾದರೂ ಸರಿ. ಮಣಿಪಾಲದ ಪೈಗಳು 1962ರಲ್ಲಿ ಶುರು ಮಾಡಿದ ಕಂಪನಿಯ ಹೆಸರೇ ವಸ್ತುವಿನ ಹೆಸರಾಗಿಬಿಟ್ಟಿದೆ. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡುತ್ತಾರೆ. ಗಾಳಿ ಆಡುತ್ತದೆ, ಬೆಲೆ ಕಮ್ಮಿ, ಗಟ್ಟಿ. ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಸ್ಪ್ರಿಂಗಿನಲ್ಲಿ ಎರಡು ಥರ. ಬಾನೆಲ್‌ನಲ್ಲಿ ಎಲ್ಲಾ ಸ್ಪ್ರಿಂಗ್ ತಂತಿಯಲ್ಲಿ ಒಂದಕ್ಕೊಂದು ಕಟ್ಟಿರುತ್ತವೆ, ಇವರು ಮಗ್ಗುಲು ಬದಲಿಸಿದರೆ ನನಗೆ ಭೂಕಂಪ. ಪಾಕೆಟ್ ಸ್ಪ್ರಿಂಗಿನಲ್ಲಿ ಒಂದೊಂದಕ್ಕೂ ಬೇರೆ ಬಟ್ಟೆ ಚೀಲ, ಅಷ್ಟು ಅಲ್ಲಾಡೋಲ್ಲ. ಮೆಮೊರಿ ಫೋಮ್ ಅನ್ನೋದು ನಾಸಾದವರು 1966ರಲ್ಲಿ ವಿಮಾನದ ಸೀಟಿಗೆ ಮಾಡಿಸಿದ್ದು, ಮೈ ಶಾಖಕ್ಕೆ ಕರಗಿದ ಹಾಗೆ ಆಗಿ ತಬ್ಬಿಕೊಳ್ಳುತ್ತದೆ. ಮಂಗಳೂರಿನಲ್ಲಿರುವ ನನ್ನ ತಂಗಿ ಅದನ್ನ ತಂದು, ಏಪ್ರಿಲ್‌ನಲ್ಲಿ ಬೆವರಿ ಬೆವರಿ ನೆಲಕ್ಕೆ ಇಳಿದಳು. ಎಸಿ ಹಾಕಿ ಮಲಗುವವರಿಗೆ ಸರಿ. ಲೇಟೆಕ್ಸ್ ರಬ್ಬರ್ ಮರದ ಹಾಲಿನದ್ದು, ಒತ್ತಿದ ಕೂಡಲೇ ಚಿಮ್ಮುತ್ತದೆ, ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಅದರಲ್ಲಿ ಸಿಂಥೆಟಿಕ್ ಬೆರಕೆಯೂ ಇರುತ್ತದೆ, ಕೇಳಿ ತಿಳಿದುಕೊಳ್ಳಬೇಕು.

ಇನ್ನು ಮಲಗಿ ನೋಡುವುದು. ಇವರು ಸುತರಾಂ ಒಪ್ಪಲಿಲ್ಲ. "ಜನ ನೋಡ್ತಾರೆ ಕಣೇ." ನೋಡಲಿ ಬಿಡಿ ಅಂತ ಷೂ ಬಿಚ್ಚಿಸಿ ಮಲಗಿಸಿದೆ. ಮನೆಯಿಂದ ನಮ್ಮ ನಮ್ಮ ದಿಂಬು ತಗೊಂಡು ಹೋಗಿದ್ದೆವು, ಅಂಗಡಿಯ ಎತ್ತರದ ದಿಂಬಿನಲ್ಲಿ ಕುತ್ತಿಗೆಯ ಲೆಕ್ಕವೇ ತಪ್ಪುತ್ತದೆ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ನನ್ನ ಕೈ ತೂರಿಸಿ ನೋಡಿದೆ. ಸಲೀಸಾಗಿ ಆಚೆ ಈಚೆ ಆಡಿದರೆ ಹಾಸಿಗೆ ಆ ಮೈಗೆ ಗಟ್ಟಿಯಾಯಿತು. ಕೈ ಹೋಗೋದೇ ಇಲ್ಲ ಅಂದರೆ ಮೈ ಹೂತಿದೆ. ಸ್ವಲ್ಪ ಬಿಗಿಯಾಗಿ ಹೋಗಬೇಕು. ಆಮೇಲೆ ಮಗ್ಗುಲಾಗಿ ಮಲಗಿಸಿ ಹಿಂದಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದೆ. ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನುಮೂಳೆ ಒಂದೇ ಗೆರೆಯಲ್ಲಿದೆಯಾ, ಇಲ್ಲಾ ಜೋಕಾಲಿ ಥರ ಬಾಗಿದೆಯಾ ಅಂತ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಒಂದೊಂದು ಹಾಸಿಗೆಗೆ ಕಾಲು ಗಂಟೆ. ಐದನೇ ನಿಮಿಷಕ್ಕೆ ಸ್ವರ್ಗ ಅನಿಸಿದ್ದು ಹನ್ನೆರಡನೇ ನಿಮಿಷಕ್ಕೆ ಭುಜ ಒತ್ತೋಕೆ ಶುರು ಮಾಡಿತು. ಒಂದು ಕಡೆ ಇವರು ಗೊರಕೆಯನ್ನೇ ಹೊಡೆದರು. ಅದೇ ಒಳ್ಳೆ ಸರ್ಟಿಫಿಕೇಟ್ ಅಲ್ವಾ?

ಬೆನ್ನುನೋವಿಗೆ ಹಲಗೆಯಂತೆ ಗಟ್ಟಿ ಇರಬೇಕು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ. ಸ್ಪೇನ್‌ನಲ್ಲಿ ಬಹಳ ದಿನದ ಸೊಂಟ ನೋವಿದ್ದ 313 ಜನರಿಗೆ ಗಟ್ಟಿ ಹಾಸಿಗೆ ಮತ್ತು ಮಧ್ಯಮ ಗಟ್ಟಿ ಹಾಸಿಗೆ ಹಂಚಿ 90 ದಿನ ನೋಡಿದ್ದಾರೆ. 2003ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಧ್ಯಮದವರೇ ಜಾಸ್ತಿ ಸುಧಾರಿಸಿದ್ದು. ಹಾಗಾಗಿ ಆರ್ಥೋಪೆಡಿಕ್ ಪಟ್ಟಿ ಕಂಡ ಕೂಡಲೇ ಕರಗಬೇಡಿ, ಅಂಗಡಿಯ ಭಾಷೆಯಲ್ಲಿ ಅದಕ್ಕೆ 'ಗಟ್ಟಿ' ಅಂತಷ್ಟೇ ಅರ್ಥ.

ಅಳತೆಯಲ್ಲೂ ಹಿಂದಿನ ಸಲ ಎಡವಿದ್ದೆ. ನಮ್ಮ ಮಂಚ ಆಚಾರಿ ಮಾಡಿದ್ದು. ಹಾಸಿಗೆ ಬರುವುದು 72, 75, 78 ಇಂಚು ಉದ್ದಕ್ಕೆ. 75ಕ್ಕೆ 60ರದ್ದು ತಂದಿದ್ದೆವು. ಮಂಚದ ಒಳ ಅಳತೆ 74½ಕ್ಕೆ 59½. ಅರ್ಧ ಇಂಚು ಏನು ಮಹಾ ಅಂತ ತುರುಕಿದ್ದೆವು, ಅಂಚು ಯಾವಾಗಲೂ ಎದ್ದು ನಿಂತಿರುತ್ತಿತ್ತು. ಈ ಸಲ 74ಕ್ಕೆ 59 ಮಾಡಿಸಿದೆ. ಅಳತೆ ಕೊಟ್ಟು ಮಾಡಿಸಿದ್ದಕ್ಕೆ ವಾಪಸ್ ಇಲ್ಲ. ಆನ್‌ಲೈನ್‌ನಲ್ಲಿ 100 ರಾತ್ರಿ ಟ್ರಯಲ್ ಕೊಡುವವರಿದ್ದಾರೆ, ರೆಡಿ ಅಳತೆ ಸರಿಹೋಗುವವರಿಗೆ ಅದು ಒಳ್ಳೆಯದೇ. ವಾಪಸ್ ಮಾಡುವ ಷರತ್ತು ಮಾತ್ರ ಮೊದಲೇ ಓದಿ.

ಕೊನೆಗೆ ಒಪ್ಪಿದ್ದು 6 ಇಂಚು. ಕೆಳಗೆ 90 ಡೆನ್ಸಿಟಿಯ ಬಾಂಡೆಡ್ 4 ಇಂಚು, ಮೇಲೆ ಲೇಟೆಕ್ಸ್ 2 ಇಂಚು. 31,000 ಹೇಳಿದರು, 24,500ಕ್ಕೆ ಕೊಟ್ಟರು. ಚೌಕಾಸಿಗೆ ನಾಚಬೇಡಿ, ಹಾಸಿಗೆಯ ಬೆಲೆಪಟ್ಟಿ ಬರೆಯುವಾಗಲೇ ಅದಕ್ಕೆ ಜಾಗ ಇಟ್ಟಿರುತ್ತಾರೆ. ಪದರಗಳ ದಪ್ಪ ಮತ್ತು ಡೆನ್ಸಿಟಿಯನ್ನು ಬಿಲ್‌ನಲ್ಲೇ ಬರೆಸಿಕೊಂಡೆ. ಮನೆಯಲ್ಲಿ ಲೆಕ್ಕ ಹಾಕಿದೆ. ಬಾಂಡೆಡ್ ಪದರಕ್ಕೆ ಸುಮಾರು 26 ಕೆಜಿ, 80 ಡೆನ್ಸಿಟಿಯ ಲೇಟೆಕ್ಸಿಗೆ 11ರ ಮೇಲೆ, ಹೊದಿಕೆಗೆ ಒಂದೆರಡು. ತಂದುಕೊಟ್ಟ ಹುಡುಗರಿಗೆ ಕಾಫಿ ಕೊಟ್ಟು, ಹಾಸಿಗೆಯನ್ನು ತೂಕದ ಮಷಿನ್ ಮೇಲೆ ನಿಲ್ಲಿಸಿ ಅಂದೆ. ಹುಚ್ಚಿ ಅಂದುಕೊಂಡಿರಬೇಕು. 39 ಕೆಜಿ ತೋರಿಸಿತು. ಖುಷಿಯಾಯಿತು. ಈಗ ಬೆಡ್‌ಶೀಟ್ ಸಿಕ್ಕಿಸಲು ಮೂಲೆ ಎತ್ತುವಾಗ ಆ 39 ಕೆಜಿಗೆ ಬೈಯುತ್ತೇನೆ, ಅದು ಬೇರೆ ವಿಷಯ.

ಅತ್ತೆಗೂ ಒಂದು ಹೊಸದು ತರೋಣ ಅಂದೆವು. ಅವರಿಗೆ ಮಂಡಿ ನೋವು. ಅಲ್ಲಿ ನಾನು ಅಳೆದದ್ದು ಹಾಸಿಗೆಯನ್ನಲ್ಲ, ಅವರು ಸಲೀಸಾಗಿ ಎದ್ದು ಕೂರುವ ಕುರ್ಚಿಯನ್ನು. 18 ಇಂಚು ಎತ್ತರ. ಅವರ ಮಂಚ 14 ಇಂಚು. ಅಂದರೆ ಹಾಸಿಗೆಗೆ ಉಳಿಯೋದು 4 ಇಂಚು. 8 ಇಂಚಿನದ್ದು ತಂದಿದ್ದರೆ ಕಾಲು ನೆಲಕ್ಕೆ ಎಟುಕುತ್ತಲೇ ಇರಲಿಲ್ಲ. ದಪ್ಪ ಇದ್ದರೆ ಒಳ್ಳೆ ಹಾಸಿಗೆ ಅನ್ನೋ ಭ್ರಮೆ ನನಗೆ ಹೋಗಿದ್ದು ಅಲ್ಲಿ.

ಆದರೆ ಅತ್ತೆ, "ನಂಗೆ ನಿಮ್ಮ ರಬ್ಬರ್ ಗಿಬ್ಬರ್ ಬೇಡಮ್ಮ, ನನ್ನ ಹತ್ತಿ ಹಾಸಿಗೆ ಸರಿ ಮಾಡಿಸಿಕೊಡು" ಅಂದುಬಿಟ್ಟರು. ಗಂಟು ಗಂಟಾಗಿದ್ದ ಹಾಸಿಗೆಯನ್ನು ಹತ್ತಿ ಅಂಗಡಿಗೆ ಕೊಟ್ಟೆವು. ಹಿಂದೆಲ್ಲ ಹತ್ತಿ ಹಿಂಜುವವರು ಬಿಲ್ಲು ಹೊತ್ತು ಮನೆ ಬಾಗಿಲಿಗೇ ಬರುತ್ತಿದ್ದರು, ಟೊಂಯ್ ಟೊಂಯ್ ಅಂತ ಬೀದಿಗೆಲ್ಲ ಕೇಳಿಸುತ್ತಿತ್ತು. ಈಗ ಮಷಿನ್. ಹಿಂಜಿ, ಒಂದೆರಡು ಕೆಜಿ ಹೊಸ ಹತ್ತಿ ಸೇರಿಸಿ, ಹೊಸ ಬಟ್ಟೆಗೆ ತುಂಬಿ, ಎರಡನೇ ದಿನ ಕೊಟ್ಟರು. ಬಂದಾಗ 6 ಇಂಚು ಉಬ್ಬಿತ್ತು, ಒಂದು ತಿಂಗಳಲ್ಲಿ ಕೂತು 4ಕ್ಕೆ ಬಂತು. ತಿಂಗಳಿಗೊಮ್ಮೆ ಟೆರೇಸಿನಲ್ಲಿ ಬಿಸಿಲಿಗೆ ಹಾಕುತ್ತೇವೆ.

ನಮ್ಮದನ್ನು ಮೂರು ತಿಂಗಳಿಗೊಮ್ಮೆ ತಲೆ ಕಡೆಯನ್ನು ಕಾಲಿನ ಕಡೆಗೆ ತಿರುಗಿಸುತ್ತೇವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಒಂದು ವರ್ಷ ತುಂಬಿದ ದಿನ ಆ ಹುಡುಗ ಕಲಿಸಿದ ಹಾಗೆ ಆಚೆ ತುದಿಗೆ ಇವರನ್ನು ನಿಲ್ಲಿಸಿ ದಾರ ಎಳೆದೆ, ಸ್ಕೇಲ್ ಇಟ್ಟೆ. ಇವರ ಕಡೆ 3 ಮಿಲಿಮೀಟರ್, ನನ್ನ ಕಡೆ ಒಂದೂ ಇಲ್ಲ. ಬಿಲ್ಲಿನ ಹಿಂದೆ ತಾರೀಕು ಹಾಕಿ ಬರೆದಿಟ್ಟೆ.