ಏರ್ ರೈಫಲ್ ಪೆಲೆಟ್ ಕೊಳ್ಳುವ ಮುಂಚೆ

ಮೈಸೂರು, ಮಂಡ್ಯ ಕಡೆ ಮಕ್ಕಳನ್ನು 10 ಮೀಟರ್ ಏರ್ ರೈಫಲ್ ಕಲಿಯಲು ಸೇರಿಸಿರುವ ಪೋಷಕರಿಗೆ ಒಂದು ಸಲಹೆ. ಮೊದಲ ದಿನದಿಂದಲೇ ದುಬಾರಿ ವಿದೇಶಿ ಪೆಲೆಟ್ (ಈ ರೈಫಲ್‌ಗೆ ಹಾಕುವ ಪುಟ್ಟ ಗುಂಡು) ಬೇಡ. ನಿಲುವು, ಉಸಿರು, ಟ್ರಿಗರ್ ಪಳಗುವವರೆಗೆ ನಮ್ಮ ದೇಶದ ಅಗ್ಗದ ಪೆಲೆಟ್ ಧಾರಾಳವಾಗಿ ಸಾಕು.

ಸ್ಪರ್ಧೆಗೆ ಹೋಗುವಾಗ ಮಾತ್ರ ಲೆಕ್ಕ ಬೇರೆ. ರೈಫಲ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್ ಅಲ್ವಾ? ಆಗ ಆರ್‌ಡಬ್ಲ್ಯೂಎಸ್, ಎಚ್ ಅಂಡ್ ಎನ್, ಜೆಎಸ್‌ಬಿ ಥರದ ವಿದೇಶಿ ಕಂಪನಿಗಳ ಪೆಲೆಟ್ ನೋಡಿ. ಡಬ್ಬಿಯ ಮೇಲೆ 4.49, 4.50 ಅಂತ ಪೆಲೆಟ್ ತಲೆಯ ಅಳತೆ ಮಿಲಿಮೀಟರ್‌ನಲ್ಲಿ ಇರುತ್ತದೆ. ಬೆಲೆ ಜಾಸ್ತಿ ಇದ್ದರೆ ನಿಮ್ಮ ರೈಫಲ್‌ಗೆ ಚೆನ್ನಾಗಿ ಹೊಂದುತ್ತದೆ ಅಂತೇನಿಲ್ಲ. ಪ್ರತಿ ಬ್ಯಾರೆಲ್‌ಗೂ ಅದರದ್ದೇ ರುಚಿ. ರೈಫಲ್ ಅಲುಗದಂತೆ ಕಟ್ಟಿ, ಒಂದೊಂದು ಬಗೆಯಲ್ಲೂ ಹತ್ತು ಹತ್ತು ಹೊಡೆದು, ತೂತುಗಳು ಎಷ್ಟು ಒತ್ತಾಗಿ ಬಿದ್ದಿವೆ ನೋಡಿ. ಸಹ ಪೋಷಕರು ಸೇರಿ ಒಂದೊಂದು ಡಬ್ಬಿ ತಂದು ಹಂಚಿಕೊಂಡರೆ ಖರ್ಚು ಉಳಿಯುತ್ತದೆ.

ಹೊಂದಿದ್ದು ಸಿಕ್ಕರೆ ಬ್ಯಾಚ್ ನಂಬರ್ ಬರೆದಿಟ್ಟುಕೊಳ್ಳಿ. ಅದೇ ಬ್ಯಾಚ್ ಸೀಸನ್‌ಗೆ ಆಗುವಷ್ಟು ಒಟ್ಟಿಗೆ ತರಿಸಿ, ಆಮದು ಮಾಲು ಬೇಕೆಂದಾಗ ಸಿಗುವುದಿಲ್ಲ. ಪೆಲೆಟ್ ಸೀಸದ್ದು, ಮಕ್ಕಳು ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಲೇಬೇಕು.